ಮೆಂತ್ಯ ಕಾಳು ನಡೆದ ದಾರಿ

ಸೇಡಂ ತಾಲ್ಲೂಕಿನ ಮಳಖೇಡ ಕಾಗಿಣಾ ನದಿಯ ದಂಡೆಯ ಊರು. ಒಂಬತ್ತನೆಯ ಶತಮಾನದಲ್ಲಿ ಇದು ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. 814ರಿಂದ 878ರವರೆಗೆ ಆಳಿದ ಅಮೋಘವರ್ಷ ನೃಪತುಂಗನ ಆಸ್ಥಾನ ಎಂದೊಡನೆ ಕನ್ನಡಿಗರ ನೆನಪಿಗೆ ಬರುವುದು ‘ಕವಿರಾಜಮಾರ್ಗ’. ಅದೇ ಕಾಲದ ಇನ್ನೊಂದು ಹೆಸರು ಅಷ್ಟಾಗಿ ಕೇಳಿಬರುವುದಿಲ್ಲ: ಉಗ್ರಾದಿತ್ಯ. ಈತ ಜೈನ ಮುನಿ, ವೈದ್ಯ, ‘ಕಲ್ಯಾಣಕಾರಕ’ ಎಂಬ ಸಂಸ್ಕೃತ ವೈದ್ಯಗ್ರಂಥದ ಕರ್ತೃ. ನೃಪತುಂಗನ ಸಭೆಯಲ್ಲಿ ವೈದ್ಯರೂ ವಿದ್ವಾಂಸರೂ ನೆರೆದಿದ್ದಾಗ, ಮಾಂಸವನ್ನು ಪಥ್ಯವೆಂದೂ ಔಷಧವೆಂದೂ ಕೊಡುವುದು ಸಲ್ಲದು ಎಂದು ಈತ ವಾದ ಮಂಡಿಸಿದ. ಆ ವಾದ ಗ್ರಂಥದ ಕೊನೆಯಲ್ಲಿ ‘ಹಿತಾಹಿತ’ ಎಂಬ ಭಾಗವಾಗಿ ಸೇರಿದೆ.

ಯಾವ ಆಹಾರ ದೇಹಕ್ಕೆ ಹಿತ, ಯಾವುದು ಅಹಿತ ಎಂಬ ಚರ್ಚೆ ಈ ಸೀಮೆಗೆ ಅಷ್ಟು ಹಳೆಯದು. ಈಗ ಅದೇ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಮನೆಗಳಲ್ಲಿ ರಕ್ತಪರೀಕ್ಷೆಯ ಚೀಟಿ ಕೈಗೆ ಬಂದಾಗ ಬೇರೊಂದು ಪ್ರಶ್ನೆ ಏಳುತ್ತದೆ: ‘ಕೊಲೆಸ್ಟ್ರಾಲ್ ಹೆಚ್ಚಾಗಿದೆಯಂತೆ, ಮೆಂತ್ಯ ತಿಂದರೆ ಇಳಿಯುತ್ತದೆಯೇ?’ ಇದಕ್ಕೆ ಉತ್ತರ ಹುಡುಕಿದ ಮುಖ್ಯ ಪ್ರಯೋಗಾಲಯಗಳಲ್ಲಿ ಒಂದು ಮೈಸೂರಿನಲ್ಲಿದೆ. ಇನ್ನೊಂದು ಇರುವುದು ಹೈದರಾಬಾದಿನಲ್ಲಿ, ಅಂದರೆ ಈ ಸೀಮೆಯನ್ನು ಹಾದುಹೋಗುವ ರೈಲುಹಳಿಯ ಆಚೆ ತುದಿಯಲ್ಲಿ. ಆ ಉತ್ತರದ ಇತಿಹಾಸ ತಿಳಿದರೆ, ಎಷ್ಟು ಮೆಂತ್ಯ, ಹೇಗೆ, ಯಾರಿಗೆ ಎಂಬುದೂ ತಿಳಿಯುತ್ತದೆ. ಮನೆಮದ್ದಿನ ಮಾತುಗಳಲ್ಲಿ ಬಿಟ್ಟುಹೋಗುವುದು ಇದೇ ‘ಎಷ್ಟು’ ಎಂಬ ಲೆಕ್ಕ.

ಮೆಂತ್ಯ ಮನುಷ್ಯನಿಗೆ ಬಹು ಹಳೆಯ ಒಡನಾಡಿ. ಇರಾಕಿನ ತೆಲ್ ಹಲಾಲ್ ಎಂಬಲ್ಲಿ ಸಿಕ್ಕ ಸುಟ್ಟ ಕಾಳುಗಳು ಕ್ರಿ.ಪೂ. 4000ದ ಸುಮಾರಿನವು. ಈಜಿಪ್ಟಿನ ತೂತನ್‌ಖಾಮನ್‌ನ ಸಮಾಧಿಯಲ್ಲೂ ಮೆಂತ್ಯದ ಕಾಳು ಸಿಕ್ಕಿತು. ರೋಮಿನ ಕೇಟೊ ಕ್ರಿ.ಪೂ. ಎರಡನೆಯ ಶತಮಾನದಲ್ಲಿ ಬೇಸಾಯದ ಬಗ್ಗೆ ಬರೆಯುತ್ತ ಅದನ್ನು ದನಗಳ ಮೇವಿನ ಬೆಳೆಗಳ ಸಾಲಿಗೆ ಸೇರಿಸಿದ. ನಮ್ಮಲ್ಲಿ ಹದಿನಾರನೆಯ ಶತಮಾನದ ‘ಭಾವಪ್ರಕಾಶ’ ಮೆಂತ್ಯ, ಅಳವಿ, ಕರಿಜೀರಿಗೆ, ಓಮ ಈ ನಾಲ್ಕನ್ನು ‘ಚತುರ್ಬೀಜ’ವೆಂದು ಒಂದು ಗುಂಪು ಮಾಡಿ, ವಾತಕ್ಕೂ ಅಜೀರ್ಣಕ್ಕೂ ಹೇಳಿತು.

ಆ ಗುಂಪಿನ ಎರಡು ಬೀಜಗಳು ಕಲಬುರಗಿ ಸೀಮೆಯ ಬಾಣಂತಿಯ ಕೋಣೆಯಲ್ಲಿ ಇಂದಿಗೂ ಇವೆ. ಅಳವಿಯ ಪಾಯಸ, ಮೆಂತ್ಯ ಹಾಕಿದ ಅಂಟಿನ ಉಂಡಿ ಹೆರಿಗೆಯ ನಂತರದ ವಾರಗಳ ಊಟ. ಚಳಿಗಾಲದಲ್ಲಿ ಮೆಂತಿ ಸೊಪ್ಪು ಸಂತೆಗೆ ಬಂದರೆ ಜೋಳದ ರೊಟ್ಟಿಯ ಪಕ್ಕದಲ್ಲಿ ಹಸಿ ಎಲೆ, ಉಳ್ಳಾಗಡ್ಡಿ, ಶೇಂಗಾ ಹಿಂಡಿ ಸೇರುತ್ತವೆ. ತೊಗರಿಬೇಳೆಯ ಜೊತೆ ಬೇಯಿಸಿದರೆ ಮೆಂತಿ ಬ್ಯಾಳಿ ಪಲ್ಯ, ಹಿಟ್ಟಿನಲ್ಲಿ ಕಲಸಿ ಬೇಯಿಸಿದರೆ ಮೆಂತಿ ಕಡಬು. ಕಹಿಯ ಬಗ್ಗೆ ಮಕ್ಕಳು ತಕರಾರು ತೆಗೆದರೆ ‘ಮೈಗಿ ಛಲೋ’ ಎಂದು ಹಿರಿಯರು ಇನ್ನಷ್ಟು ಬಡಿಸುತ್ತಾರೆ.

ಕಾಳಿನದು ಬೇರೆಯದೇ ಕೆಲಸ. ಮೆಂತ್ಯದ ಹಿಟ್ಟು ಮಾಡುವ ದಿನ ಕಡಲೆಬೇಳೆ, ಉದ್ದಿನಬೇಳೆ, ಅಕ್ಕಿ, ಗೋಧಿ ಒಂದೊಂದಾಗಿ ಬಾಣಲೆಯಲ್ಲಿ ಹುರಿದು ತಟ್ಟೆಗೆ ಬೀಳುತ್ತವೆ. ಮೆಂತ್ಯದ ಸರದಿ ಬಂದಾಗ ಉರಿ ತಗ್ಗಬೇಕು. ಹಳದಿ ಕಾಳು ಕೆಂಪಗಾಗಿ ಘಮ್ಮೆಂದ ಕೂಡಲೇ ಇಳಿಸಬೇಕು. ಒಂದು ಕ್ಷಣ ಹೆಚ್ಚಾದರೂ ಕಪ್ಪಾಗಿ, ಇಡೀ ಹಿಟ್ಟು ಕಹಿಯಾಗುತ್ತದೆ. ಹುರಿದದ್ದೆಲ್ಲ ಶಹಾಬಾದಿನ ಪರ್ಸಿ ಕಲ್ಲು ಹಾಸಿದ ನೆಲದ ಮೇಲೆ ಆರುತ್ತದೆ. ಆಮೇಲೆ ಒಣಮೆಣಸಿನಕಾಯಿ, ಜೀರಿಗೆ, ಕೊತ್ತಂಬರಿ, ಅರಿಸಿನ, ಇಂಗು ಸೇರಿ ಬೀಸುವ ಕಲ್ಲಿಗೆ, ಈಗಿನ ಕಾಲಕ್ಕೆ ಗಿರಣಿಗೆ ಹೋಗುತ್ತದೆ. ಮೊಸರಿನಲ್ಲಿ ಕಲಸಿ ಒಗ್ಗರಣೆ ಕೊಟ್ಟರೆ ರೊಟ್ಟಿಗೆ ಸಾಕು. ಬೇಳೆಕಾಳುಗಳ ಈ ರಾಶಿಯಲ್ಲಿ ಮೆಂತ್ಯದ ಪಾಲು ಸಣ್ಣದು. ಮುಂದೆ ಬರುವ ವಿಜ್ಞಾನದ ಲೆಕ್ಕಕ್ಕೆ ಈ ಸಂಗತಿ ಮುಖ್ಯ.

ಊಟ ಹೀಗೆ ಶತಮಾನಗಳ ಕಾಲ ನಿಧಾನವಾಗಿ ನಡೆದ ಸೀಮೆಗೆ ರೈಲು ಬಂದದ್ದು ಹತ್ತೊಂಬತ್ತನೆಯ ಶತಮಾನದ ಎಪ್ಪತ್ತರ ದಶಕದಲ್ಲಿ. ಮುಂಬೈಯಿಂದ ಬಂದ ಹಳಿ 1871ರಲ್ಲಿ ಶಹಾಬಾದ, ವಾಡಿಗಳನ್ನು ದಾಟಿ ರಾಯಚೂರಿನಲ್ಲಿ ಮದರಾಸಿನ ಹಳಿಯನ್ನು ಕೂಡಿತು. ನಿಜಾಮ ಸರ್ಕಾರ ತನ್ನ ರಾಜಧಾನಿಯನ್ನು ಈ ಮಾರ್ಗಕ್ಕೆ ಜೋಡಿಸಲು ವಾಡಿಯಿಂದ ಹೊಸ ಹಳಿ ಹಾಕಿಸಿತು. ಅದು ಚಿತ್ತಾಪುರ, ಮಳಖೇಡ ರೋಡ್, ಸೇಡಂ, ತಾಂಡೂರು, ವಿಕಾರಾಬಾದ್ ಹಾದು 1874ರ ಅಕ್ಟೋಬರಿನಲ್ಲಿ ಸಿಕಂದರಾಬಾದನ್ನು ಸಂಪರ್ಕಿಸಿತು. ಚಿಂಚೋಳಿ ಈ ಹಳಿಯಿಂದ ದೂರ ಉಳಿಯಿತು. ಅಲ್ಲಿನವರು ರೈಲು ಹತ್ತಲು ತಾಂಡೂರಿಗೆ ಹೋಗಬೇಕಾಯಿತು. ತೊಗರಿ, ಜೋಳ, ಎಣ್ಣೆಕಾಳು ಹೊರಗೆ ಹೊರಟವು. ಹೊರಗಿನ ಮಾಲು, ಹೊರಗಿನ ರುಚಿ ಒಳಗೆ ಬಂದವು. ಕಾಯಿಲೆ ಬಿದ್ದವರಿಗೂ ಅದೇ ಹಾದಿ. 1908ರಲ್ಲಿ ಮೂಸಿ ನದಿಯ ಮಹಾಪೂರ ಹೈದರಾಬಾದಿನ ಹಳೆಯ ಆಸ್ಪತ್ರೆಯನ್ನು ಕೊಚ್ಚಿಕೊಂಡು ಹೋದ ಮೇಲೆ ಅದೇ ದಂಡೆಯಲ್ಲಿ 1925ರ ಹೊತ್ತಿಗೆ ಎದ್ದ ಉಸ್ಮಾನಿಯಾ ಆಸ್ಪತ್ರೆ, ನಿಜಾಮ ಸೀಮೆಯ ಕನ್ನಡ ತಾಲ್ಲೂಕುಗಳಿಗೂ ದೊಡ್ಡಾಸ್ಪತ್ರೆಯಾಯಿತು.

ನೆಲದಡಿಯ ಸುಣ್ಣದ ಕಲ್ಲು ಕೆಲಸದ ರೀತಿಯನ್ನು ಬದಲಿಸಿತು. 1936ರಲ್ಲಿ ಹತ್ತು ಸಿಮೆಂಟ್ ಕಂಪನಿಗಳು ಒಂದಾಗಿ ಎಸಿಸಿ ಹುಟ್ಟಿದಾಗ ಶಹಾಬಾದಿನ ಕಂಪನಿಯೂ ಅದರೊಳಗಿತ್ತು. 1968ರಲ್ಲಿ ವಾಡಿಯ ಕಾರ್ಖಾನೆ ಶುರುವಾಯಿತು. ಎಂಬತ್ತರ ದಶಕದಲ್ಲಿ ಮಳಖೇಡಕ್ಕೂ ಸೇಡಂಗೂ ದೊಡ್ಡ ಸಿಮೆಂಟ್ ಕಾರ್ಖಾನೆಗಳು ಬಂದವು. ಹೊಲಕ್ಕೆ ನಡೆದುಹೋಗುತ್ತಿದ್ದ ಮನೆಗಳಿಂದ ಪಾಳಿಯ ಕೆಲಸಕ್ಕೆ ಹೋಗುವವರು ಹೊರಟರು. ರಾತ್ರಿಪಾಳಿ, ಕ್ಯಾಂಟೀನಿನ ಊಟ, ಹೊತ್ತಿಗೊಂದು ಚಹಾ, ಕರಿದ ಮಿರ್ಚಿ ದಿನಚರಿಗೆ ಸೇರಿದವು. ಹೃದಯದ ಕಾಯಿಲೆಗೆ ಕಾರಣ ಇದೊಂದೇ ಎನ್ನಲಾಗದು. ಬೀಡಿ, ಸಕ್ಕರೆ ಕಾಯಿಲೆ, ರಕ್ತದೊತ್ತಡ, ವಂಶದ ಗುಣ ಎಲ್ಲವೂ ಸೇರುತ್ತವೆ. ಆದರೆ ಕೊಲೆಸ್ಟ್ರಾಲ್ ಎಂಬ ಮಾತು ಆಸ್ಪತ್ರೆಯಿಂದ ಮನೆಯ ಪಡಸಾಲೆಗೆ ಬಂದದ್ದು ಇಂಥ ದಿನಗಳಲ್ಲೇ.

ಆ ಮಾತಿಗೆ ಭಯ ಅಂಟಿಕೊಂಡದ್ದು ದೂರದ ಊರುಗಳಲ್ಲಿ. 1913ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ನಿಕೊಲಾಯ್ ಅನಿಚ್ಕೋವ್, ಸೂರ್ಯಕಾಂತಿ ಎಣ್ಣೆಯಲ್ಲಿ ಕರಗಿಸಿದ ಕೊಲೆಸ್ಟ್ರಾಲನ್ನು ಮೊಲಗಳಿಗೆ ತಿನ್ನಿಸಿ, ಅವುಗಳ ರಕ್ತನಾಳದ ಒಳಗೋಡೆಯಲ್ಲಿ ಕೊಬ್ಬು ಕಟ್ಟಿಕೊಳ್ಳುವುದನ್ನು ತೋರಿಸಿದ. 1948ರಲ್ಲಿ ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಪಟ್ಟಣದ ನಿವಾಸಿಗಳನ್ನು ವರ್ಷಾನುಗಟ್ಟಲೆ ಹಿಂಬಾಲಿಸುವ ಅಧ್ಯಯನ ಆರಂಭವಾಗಿ, ರಕ್ತದ ಕೊಲೆಸ್ಟ್ರಾಲಿಗೂ ಹೃದಯಾಘಾತಕ್ಕೂ ಇರುವ ನಂಟನ್ನು ಮನುಷ್ಯರಲ್ಲೇ ಗುರುತಿಸಿತು. ಕೊಲೆಸ್ಟ್ರಾಲ್ ಇಳಿಸುವುದು ಹೇಗೆ ಎಂಬ ಹುಡುಕಾಟ ಆಗ ಜಗತ್ತಿನ ಎಲ್ಲೆಡೆ ಶುರುವಾಯಿತು.

ಮೈಸೂರು ಅದರಲ್ಲಿ ಬೇಗನೆ ಕೈಹಾಕಿತು. 1950ರ ಅಕ್ಟೋಬರ್ 21ರಂದು ಚೆಲುವಾಂಬ ಅರಮನೆಯಲ್ಲಿ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, ಅಂದರೆ ಸಿಎಫ್‌ಟಿಆರ್‌ಐ, ತೆರೆಯಿತು. ವಿ. ಸುಬ್ರಹ್ಮಣ್ಯನ್ ಮೊದಲ ನಿರ್ದೇಶಕರು. ಇಲ್ಲಿನ ಡಿ. ಸುಬ್ಬರಾವ್, ಎನ್. ಚಂದ್ರಶೇಖರ, ಎಂ.ಎನ್. ಸತ್ಯನಾರಾಯಣ, ಎಂ. ಶ್ರೀನಿವಾಸನ್ 1970ರಲ್ಲಿ ಪ್ರಕಟಿಸಿದ ಪ್ರಯೋಗ ಅರಿಸಿನದ ಮೇಲಿನದು. ಕೊಲೆಸ್ಟ್ರಾಲ್ ಬೆರೆಸಿದ ಆಹಾರ ತಿಂದ ಇಲಿಗಳಿಗೆ ಅರಿಸಿನದ ಹಳದಿ ಅಂಶವಾದ ಕರ್ಕ್ಯುಮಿನ್ ಕೊಟ್ಟಾಗ, ಅವುಗಳ ರಕ್ತ ಮತ್ತು ಯಕೃತ್ತಿನ ಕೊಲೆಸ್ಟ್ರಾಲ್ ಅದನ್ನು ತಿನ್ನದ ಇಲಿಗಳಿಗಿಂತ ಬಹಳ ಕಡಿಮೆ ಇತ್ತು. ಯಕೃತ್ತು ಕರುಳಿಗೆ ಸುರಿಯುವ ಪಿತ್ತಾಮ್ಲಗಳು ಮಲದ ಮೂಲಕ ಹೆಚ್ಚು ಹೊರಹೋಗುತ್ತಿದ್ದವು. ಅಡುಗೆಮನೆಯ ಡಬ್ಬಿಯನ್ನು ಅಳತೆಗೋಲಿನ ಮುಂದಿಟ್ಟ ಕೆಲಸ ಇದು.

ಅದೇ ಸಂಸ್ಥೆಯ ಇನ್ನೊಂದು ಪ್ರಯೋಗ, 1991ರದು, ಇದಕ್ಕಿಂತ ಕಡಿಮೆ ಪ್ರಸಿದ್ಧ, ಆದರೆ ಓದಬೇಕಾದದ್ದು. ಕೆ. ಸಾಂಬಯ್ಯ ಮತ್ತು ಕೆ. ಶ್ರೀನಿವಾಸನ್ ಜೀರಿಗೆ, ದಾಲ್ಚಿನ್ನಿ, ಶುಂಠಿ, ಸಾಸಿವೆ, ಹುಣಸೆ ಈ ಐದನ್ನು ಕೊಲೆಸ್ಟ್ರಾಲ್ ಏರಿಸಿದ ಇಲಿಗಳಿಗೆ ತಿನ್ನಿಸಿ ನೋಡಿದರು. ಜನ ಸಾಮಾನ್ಯವಾಗಿ ತಿನ್ನುವ ಪ್ರಮಾಣದಲ್ಲೂ ಕೊಟ್ಟರು, ಅದಕ್ಕಿಂತ ಹೆಚ್ಚಿನ ಪ್ರಮಾಣದಲ್ಲೂ ಕೊಟ್ಟರು. ಕೊಲೆಸ್ಟ್ರಾಲ್ ಇಳಿಯಲಿಲ್ಲ. ಮಸಾಲೆಯೆಲ್ಲ ಔಷಧವೆಂದು ಹೇಳುವುದು ಸುಲಭವಾದ ಕಾಲದಲ್ಲಿ, ‘ಇವುಗಳಿಂದ ಆಗಲಿಲ್ಲ’ ಎಂದು ಬರೆದು ಪ್ರಕಟಿಸಿದ್ದು ದೊಡ್ಡ ಉಪಕಾರ. ಒಗ್ಗರಣೆಯ ಎಲ್ಲ ಸಾಮಾನಿನಲ್ಲಿ ಮೆಂತ್ಯವನ್ನು ಬೇರೆ ಎತ್ತಿಡಲು ಕಾರಣ ಏನು ಎಂಬುದು ಇಂಥ ಹೋಲಿಕೆಗಳಿಂದಲೇ ಸ್ಪಷ್ಟವಾಯಿತು.

ಇನ್ನು ಹಳಿಯ ಆಚೆ ತುದಿ. 1918ರಲ್ಲಿ ನೀಲಗಿರಿಯ ಕೂನೂರಿನಲ್ಲಿ, ಪಾಶ್ಚರ್ ಸಂಸ್ಥೆಯ ಒಂದು ಕೋಣೆಯಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಬೆರಿಬೆರಿ ರೋಗದ ಅಧ್ಯಯನಕ್ಕೆಂದು ಆರಂಭಿಸಿದ ಘಟಕ ಬೆಳೆದು, 1958ರಲ್ಲಿ ಹೈದರಾಬಾದಿನ ತಾರ್ನಾಕಕ್ಕೆ ಸ್ಥಳಾಂತರಗೊಂಡಿತು. 1969ರಲ್ಲಿ ಅದಕ್ಕೆ ರಾಷ್ಟ್ರೀಯ ಪೋಷಣ ಸಂಸ್ಥೆ ಎಂಬ ಹೆಸರು ಬಂತು. ಇಲ್ಲಿನ ಆರ್.ಡಿ. ಶರ್ಮಾ 1984ರಲ್ಲಿ ಮೆಂತ್ಯ ಇಲಿಗಳ ಕೊಲೆಸ್ಟ್ರಾಲ್ ಇಳಿಸುವುದನ್ನು ವರದಿ ಮಾಡಿದರು. ಅದೇ ವರ್ಷ ಫ್ರಾನ್ಸಿನ ಮೋಂಪೆಲಿಯೆಯ ಸಂಶೋಧಕರು ನಾಯಿಗಳ ಮೇಲೆ ಪ್ರಯೋಗ ನಡೆಸಿ, ಮೆಂತ್ಯದ ಎಣ್ಣೆಯಲ್ಲಿ ಈ ಗುಣವಿಲ್ಲ, ಎಣ್ಣೆ ತೆಗೆದ ಹಿಟ್ಟಿನಲ್ಲಿದೆ ಎಂದು ಕಂಡುಕೊಂಡರು. ಎರಡು ಖಂಡಗಳ ಕೆಲಸ ಒಂದೇ ಕಡೆ ಬೆರಳು ತೋರಿತು.

ಮುಂದಿನ ಹೆಜ್ಜೆ ಮನುಷ್ಯರ ಮೇಲಿನದು. ಇನ್ಸುಲಿನ್ ತೆಗೆದುಕೊಳ್ಳುವ ಮಧುಮೇಹಿಗಳ ಮೇಲೆ ಶರ್ಮಾ, ಟಿ.ಸಿ. ರಘುರಾಮ್, ಎನ್.ಎಸ್. ರಾವ್ ನಡೆಸಿದ ಅಧ್ಯಯನ 1990ರಲ್ಲಿ ಬಂತು. ಎಣ್ಣೆ ತೆಗೆದ 100 ಗ್ರಾಂ ಮೆಂತ್ಯದ ಪುಡಿಯನ್ನು ಎರಡು ಪಾಲು ಮಾಡಿ, ಮಧ್ಯಾಹ್ನ ಮತ್ತು ರಾತ್ರಿಯ ಊಟದಲ್ಲಿ ಹತ್ತು ದಿನ ಕೊಟ್ಟರು. ಮೂತ್ರದಲ್ಲಿ ಹೋಗುವ ಸಕ್ಕರೆ ಶೇ 54ರಷ್ಟು ಇಳಿಯಿತು. ಒಟ್ಟು ಕೊಲೆಸ್ಟ್ರಾಲ್, ‘ಕೆಟ್ಟ’ ಕೊಲೆಸ್ಟ್ರಾಲ್ ಎನ್ನುವ ಎಲ್‌ಡಿಎಲ್, ಟ್ರೈಗ್ಲಿಸರೈಡ್ ಇಳಿದವು. ‘ಒಳ್ಳೆಯ’ ಎಚ್‌ಡಿಎಲ್ ಹಾಗೇ ಉಳಿಯಿತು. ಮಧುಮೇಹವಿಲ್ಲದೆ ಕೊಬ್ಬಿನಂಶ ಮಾತ್ರ ಏರಿದ್ದವರಲ್ಲೂ ಇದೇ ದಿಕ್ಕಿನ ಫಲಿತಾಂಶ 1991ರಲ್ಲಿ ಪ್ರಕಟವಾಯಿತು.

ದಿನಕ್ಕೆ ನೂರು ಗ್ರಾಂ ಮೆಂತ್ಯ ಯಾರಿಗೂ ತಿಂಗಳುಗಟ್ಟಲೆ ತಿನ್ನಲಾಗದು. ಪ್ರಮಾಣ ತಗ್ಗಿಸಿದರೆ ಏನಾಗುತ್ತದೆ? ಶರ್ಮಾ ಮತ್ತು ಸಂಗಡಿಗರು ಆಗ್ರಾದಲ್ಲಿ ಇದನ್ನೇ ನೋಡಿದರು. 60 ಮಧುಮೇಹಿಗಳಿಗೆ ದಿನಕ್ಕೆ 25 ಗ್ರಾಂ ಮೆಂತ್ಯದ ಪುಡಿ, 24 ವಾರ. 1996ರಲ್ಲಿ ಹೊರಬಂದ ಈ ವರದಿಯ ಪ್ರಕಾರ ಕೊಲೆಸ್ಟ್ರಾಲ್ ಇಳಿದದ್ದಷ್ಟೇ ಅಲ್ಲ, ಆ ಇಳಿತ ಆರು ತಿಂಗಳ ಉದ್ದಕ್ಕೂ ಉಳಿಯಿತು.

ಇಪ್ಪತ್ತೈದು ಗ್ರಾಂ ಎಂದರೆ ಎಷ್ಟು? ಒಂದು ಚಹಾ ಚಮಚದಲ್ಲಿ ಹಿಡಿಯುವುದು ನಾಲ್ಕೈದು ಗ್ರಾಂ ಮೆಂತ್ಯ. ಅಲ್ಲಿಗೆ ಐದಾರು ಚಮಚ. ಸಾರಿನ ಒಗ್ಗರಣೆಗೆ ಬೀಳುವುದು ಎಣಿಸಬಹುದಾದಷ್ಟು ಕಾಳು; ಅದೂ ಇಡೀ ಮನೆಗೆ. ಮೆಂತ್ಯದ ಹಿಟ್ಟಿನಲ್ಲಿ ಒಬ್ಬರ ತಟ್ಟೆಗೆ ಬರುವ ಪಾಲೂ ಚಿಟಿಕೆಯದೇ. ಹಳೆಯ ಅಡುಗೆಗಳಲ್ಲಿ ಈ ಲೆಕ್ಕಕ್ಕೆ ಸ್ವಲ್ಪವಾದರೂ ಹತ್ತಿರ ಬರುವುದು ಬಾಣಂತಿಯ ಉಂಡಿ, ಆದರೆ ಅದರಲ್ಲಿ ಬೆಲ್ಲ, ತುಪ್ಪ, ಕೊಬ್ಬರಿ ಧಾರಾಳ. ‘ನಮ್ಮ ಅಡುಗೆಯಲ್ಲಿ ಮೆಂತ್ಯ ಇದ್ದೇ ಇದೆ, ಕೊಲೆಸ್ಟ್ರಾಲಿನ ಭಯವಿಲ್ಲ’ ಎಂದು ಯಾರಾದರೂ ನೆಮ್ಮದಿ ಪಟ್ಟರೆ, ಈ ಪ್ರಯೋಗಗಳು ಅವರ ನೆಮ್ಮದಿಗೆ ಸಾಕ್ಷಿ ಹೇಳುವುದಿಲ್ಲ. ರುಚಿಗೆ ಹಾಕುವ ಮೆಂತ್ಯ ಬೇರೆ, ಆಹಾರವಾಗಿ ತಿನ್ನುವ ಮೆಂತ್ಯ ಬೇರೆ.

ಪ್ರಮಾಣ ಯಾಕಿಷ್ಟು ಮುಖ್ಯ ಎಂಬುದನ್ನು ಕಣ್ಣಾರೆ ನೋಡಬಹುದು. ರಾತ್ರಿ ಒಂದು ಲೋಟ ನೀರಿಗೆ ಎರಡು ಚಮಚ ಮೆಂತ್ಯ ಹಾಕಿಟ್ಟರೆ ಬೆಳಗಿಗೆ ಕಾಳು ಉಬ್ಬಿ, ಸಿಪ್ಪೆ ಬಿರಿದು, ಬೆರಳಿಗೆ ಲೋಳೆ ಅಂಟುತ್ತದೆ. ಕಾಳಿನ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನಾರು. ಅದರಲ್ಲಿ ನೀರಿನಲ್ಲಿ ಕರಗುವ ಗ್ಯಾಲಕ್ಟೋಮನ್ನಾನ್ ಎಂಬ ಅಂಟು ಈ ಲೋಳೆಯನ್ನು ಕೊಡುತ್ತದೆ. ಕರುಳಿನಲ್ಲೂ ಇದೇ ನಡೆಯುತ್ತದೆ. ಯಕೃತ್ತು ಕೊಲೆಸ್ಟ್ರಾಲಿನಿಂದಲೇ ಪಿತ್ತಾಮ್ಲ ತಯಾರಿಸಿ ಕರುಳಿಗೆ ಸುರಿಯುತ್ತದೆ; ಕೊಬ್ಬು ಜೀರ್ಣವಾದ ಮೇಲೆ ಅದರ ಬಹುಪಾಲು ಕರುಳಿನ ಕೊನೆಯಲ್ಲಿ ಹೀರಲ್ಪಟ್ಟು ಯಕೃತ್ತಿಗೆ ಮರಳುತ್ತದೆ. ಮೆಂತ್ಯದ ಲೋಳೆ ಮತ್ತು ಸಪೋನಿನ್‌ಗಳು ಈ ಪಿತ್ತಾಮ್ಲದ ಒಂದಂಶವನ್ನು ಹಿಡಿದು ಮಲದೊಂದಿಗೆ ಹೊರಗೆ ಕಳಿಸುತ್ತವೆ. ಕೊರತೆ ತುಂಬಲು ಯಕೃತ್ತು ರಕ್ತದಿಂದ ಹೊಸದಾಗಿ ಕೊಲೆಸ್ಟ್ರಾಲ್ ಎಳೆದುಕೊಳ್ಳುತ್ತದೆ. ಲೋಳೆ ಸಾಕಷ್ಟಿದ್ದರೆ ಮಾತ್ರ ಇದು ನಡೆಯುವ ಕೆಲಸ. ರಾತ್ರಿ ನೆನೆಸಿ ಬೆಳಿಗ್ಗೆ ಬರೀ ನೀರು ಕುಡಿದು ಕಾಳು ಚೆಲ್ಲುವವರು, ನಾರಿನ ಬಹುಪಾಲನ್ನೂ ಚೆಲ್ಲುತ್ತಾರೆ.

ಇದೇ ಕೊಲೆಸ್ಟ್ರಾಲ್ ಪಿತ್ತಕೋಶದಲ್ಲಿ ಕಲ್ಲಾಗುವುದೂ ಉಂಟು. ಮೈಸೂರಿನ ಸಿಎಫ್‌ಟಿಆರ್‌ಐ 2009ರಲ್ಲಿ, ಆಹಾರದ ಮೆಂತ್ಯದಿಂದ ಸುಂಡಿಲಿಗಳ ಪಿತ್ತಕೋಶದಲ್ಲಿ ಆಗಲೇ ಕಟ್ಟಿದ್ದ ಕೊಲೆಸ್ಟ್ರಾಲ್ ಕಲ್ಲುಗಳು ಕರಗಿ ಕಡಿಮೆಯಾದದ್ದನ್ನು ವರದಿ ಮಾಡಿತು. ಮನುಷ್ಯರಲ್ಲಿ ಹೀಗಾಗುತ್ತದೆಂದು ಅದು ಹೇಳಿಲ್ಲ. ಕಲ್ಲಿನ ನೋವಿರುವವರು ಮೆಂತ್ಯ ನಂಬಿ ಕೂರಬಾರದು.

ಈ ಅಧ್ಯಯನಗಳ ಮಿತಿಯನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು. ಭಾಗವಹಿಸಿದವರು ಹತ್ತು, ಅರವತ್ತು ಎನ್ನುವಂಥ ಸಣ್ಣ ಸಂಖ್ಯೆಯ ಜನ, ಹೆಚ್ಚಿನವರು ಮಧುಮೇಹಿಗಳು. ಆಮೇಲೆ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ ವಿಮರ್ಶೆಗಳಲ್ಲೂ ಕೊಲೆಸ್ಟ್ರಾಲ್ ಇಳಿಯುವುದು ಕಾಣುತ್ತದೆ, ಆದರೆ ಪ್ರಯೋಗಗಳ ಗುಣಮಟ್ಟ ಏಕರೀತಿಯದಲ್ಲ. ಮೆಂತ್ಯ ತಿಂದವರಿಗೆ ಹೃದಯಾಘಾತ ತಪ್ಪಿತು ಎಂದು ಈ ಪ್ರಯೋಗಗಳು ತೋರಿಸಿಲ್ಲ. ಹೃದಯಾಘಾತ ತಪ್ಪಿಸಬಲ್ಲವೆಂದು ತೋರಿಸಿದ್ದು ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಗುಳಿಗೆಗಳು. ಜಪಾನಿನ ಅಕಿರ ಎಂಡೊ ಎಪ್ಪತ್ತರ ದಶಕದಲ್ಲಿ ಶಿಲೀಂಧ್ರದಿಂದ ಮೊದಲ ಸ್ಟ್ಯಾಟಿನ್ ತೆಗೆದರು, 1987ರಲ್ಲಿ ಲೊವಾಸ್ಟ್ಯಾಟಿನ್ ಮಾರುಕಟ್ಟೆಗೆ ಬಂತು. ಇವು ಎಲ್‌ಡಿಎಲ್ ಅನ್ನು ಶೇ 30ರಿಂದ 50ರವರೆಗೂ ತಗ್ಗಿಸಬಲ್ಲವು. ಒಮ್ಮೆ ಹೃದಯಾಘಾತವಾದವರು, ಸ್ಟೆಂಟ್ ಹಾಕಿಸಿಕೊಂಡವರು ಗುಳಿಗೆ ಬಿಟ್ಟು ಮೆಂತ್ಯ ಹಿಡಿದರೆ ಜೀವಕ್ಕೇ ಅಪಾಯ.

ಮೆಂತ್ಯ ತಿನ್ನುವವರೂ ಗಮನಿಸಬೇಕಾದದ್ದಿದೆ. ಅದು ರಕ್ತದ ಸಕ್ಕರೆಯನ್ನೂ ಇಳಿಸುವುದರಿಂದ, ಇನ್ಸುಲಿನ್ ಅಥವಾ ಸಕ್ಕರೆ ಗುಳಿಗೆಯಲ್ಲಿರುವವರಿಗೆ ಸಕ್ಕರೆ ತೀರಾ ಕೆಳಗೆ ಹೋಗಬಹುದು. ರಕ್ತ ತೆಳುವಾಗಿಸುವ ವಾರ್ಫರಿನ್ ತೆಗೆದುಕೊಳ್ಳುವವರು ಮೊದಲು ವೈದ್ಯರಿಗೆ ತಿಳಿಸಬೇಕು. ಗರ್ಭಿಣಿಯರಿಗೆ ಅಡುಗೆಯ ಪ್ರಮಾಣ ಸಾಕು. ಶೇಂಗಾ, ಕಡಲೆ ಒಗ್ಗದವರಿಗೆ ಅದೇ ಕುಟುಂಬದ ಮೆಂತ್ಯವೂ ಒಗ್ಗದಿರಬಹುದು. ಮೊದಲ ದಿನಗಳಲ್ಲಿ ಹೊಟ್ಟೆ ಉಬ್ಬರ, ಭೇದಿ ಆಗುವುದುಂಟು. ಆದ್ದರಿಂದ ಒಂದೆರಡು ಚಮಚದಿಂದ ಶುರುಮಾಡಿ ಮೆಲ್ಲಗೆ ಏರಿಸುವುದು ಒಳ್ಳೆಯದು.

ತಿನ್ನುವ ಬಗೆಯನ್ನು ರಾಷ್ಟ್ರೀಯ ಪೋಷಣ ಸಂಸ್ಥೆಯೇ ಸುಲಭ ಮಾಡಿಕೊಟ್ಟಿತು. ಕಾಳನ್ನು ರಾತ್ರಿ ನೆನೆಸಿಯೋ ಪುಡಿ ಮಾಡಿಯೋ ಊಟಕ್ಕೆ ಸ್ವಲ್ಪ ಮುಂಚೆ ತೆಗೆದುಕೊಳ್ಳಬಹುದು. ಚಪಾತಿ, ದೋಸೆ, ಇಡ್ಲಿ, ಬೇಳೆ, ಪಲ್ಯಗಳಲ್ಲಿ ಸೇರಿಸಬಹುದು ಎಂದು ಅದು ಸಲಹೆ ನೀಡಿತು. ಸೇಡಂ ಕಡೆಯ ಮನೆಗೆ ಇದನ್ನು ಹೊಂದಿಸುವುದು ಕಷ್ಟವಲ್ಲ. ನೆನೆಸಿದ ಕಾಳನ್ನು ಒಂದು ದಿನ ಬಟ್ಟೆಯಲ್ಲಿ ಕಟ್ಟಿಟ್ಟರೆ ಮೊಳಕೆಯೊಡೆದು ಕಹಿ ತಗ್ಗುತ್ತದೆ. ಅದನ್ನು ತೊಗರಿಬೇಳೆಯ ಜೊತೆ ಬೇಯಿಸಿದರೆ ರೊಟ್ಟಿಗೆ ಪಲ್ಯವಾಗುತ್ತದೆ. ಹಸಿ ಪುಡಿಯನ್ನು ಜೋಳದ ಹಿಟ್ಟಿಗೆ ಬೆರೆಸಿಯೂ ರೊಟ್ಟಿ ಬಡಿಯಬಹುದು. ಮೆಂತ್ಯದ ಅಂಟಿನಿಂದ ಹಿಟ್ಟು ಹೊಂದಿಕೊಳ್ಳುತ್ತದೆ.

ಮೆಂತ್ಯದ ಮುಖ್ಯ ಪ್ರಯೋಗಗಳು ಹೈದರಾಬಾದಿನಲ್ಲೂ ಆಗ್ರಾದಲ್ಲೂ ನಡೆದವು. ದಿನದ ಎರಡೂ ಊಟಕ್ಕೆ ಜೋಳದ ರೊಟ್ಟಿ ಮತ್ತು ತೊಗರಿಬೇಳೆ ಉಣ್ಣುವ ಕಾಗಿಣಾ ತೀರದ ಜನರ ಮೇಲೆ ಅಂಥ ಕೆಲಸ ಕಲಬುರಗಿಯಲ್ಲೇ ನಡೆಯಬೇಕು. ಜೋಳ, ತೊಗರಿ ಎರಡರಲ್ಲೂ ನಾರು ಧಾರಾಳವಾಗಿರುವುದರಿಂದ ಇಲ್ಲಿ ಮೆಂತ್ಯ ಎಷ್ಟು ಹೆಚ್ಚಿಗೆ ಮಾಡಬಲ್ಲದು ಎಂಬುದನ್ನು ಬೇರೆಡೆಯ ಅಂಕಿಗಳಿಂದ ಊಹಿಸಲಾಗದು. ಬೇಕಾದದ್ದು ಈಗ ಹತ್ತಿರದಲ್ಲೇ ಇದೆ. ಹೃದಯದ ಚಿಕಿತ್ಸೆಗೆ ರೈಲು ಹತ್ತಿ ಹೈದರಾಬಾದಿಗೋ ಸೊಲ್ಲಾಪುರಕ್ಕೋ ಹೋಗುತ್ತಿದ್ದವರಿಗೆ ಕಲಬುರಗಿಯಲ್ಲೇ ಜಯದೇವ ಹೃದ್ರೋಗ ಸಂಸ್ಥೆಯ 371 ಹಾಸಿಗೆಗಳ ಹೊಸ ಆಸ್ಪತ್ರೆ 2024ರ ಡಿಸೆಂಬರಿನಲ್ಲಿ ತೆರೆದಿದೆ. ತಾಲ್ಲೂಕು ಆಸ್ಪತ್ರೆಗಳಿವೆ, ಸಿಮೆಂಟ್ ಕಾರ್ಖಾನೆಗಳ ಕಾರ್ಮಿಕರಿದ್ದಾರೆ, ಸಂತೆಯಲ್ಲಿ ಮೆಂತ್ಯ ಅಗ್ಗ. ಇನ್ನೂರು ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿನ ರೊಟ್ಟಿಗೆ ತೂಕ ಮಾಡಿದ ಮೆಂತ್ಯ ಸೇರಿಸಿ, ಮೂರು ತಿಂಗಳ ಪ್ರಯೋಗದ ಮುಂಚೆ ಮತ್ತು ನಂತರ ರಕ್ತ ಪರೀಕ್ಷಿಸಿದರೆ, ಶಹಾಬಾದಿನ ಕಾರ್ಮಿಕನಿಗೂ ಚಿಂಚೋಳಿಯ ರೈತ ಮಹಿಳೆಗೂ ಅವರವರ ಊಟದ ಲೆಕ್ಕದಲ್ಲೇ ಉತ್ತರ ಕೊಡಬಹುದು.